ಗಿಡ ಗಾಂಜಾ ಆಗುವ ಜಾಗ: ನೌಗಾಂವ್‌ನ ಒಣಗಿಸುವ ಕಣ

ಹೋದ ಶನಿವಾರದ ಮಾತಿನ ಬರಹರೂಪ ಇದು. ವಿಡಿಯೋದಲ್ಲಿ ಹೊತ್ತು ಸಾಲದೆ ಬಿಟ್ಟಿದ್ದ ಎರಡು-ಮೂರು ಸಂಗತಿಗಳನ್ನು ಸೇರಿಸಿದ್ದೇನೆ. ಉಳಿದಂತೆ ಮಾತಾಡಿದ ಹಾಗೇ ಇದೆ, ಹೆಚ್ಚು ತಿದ್ದೋಕೆ ಹೋಗಿಲ್ಲ.

ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ, ಪುಣೆಯಲ್ಲಿ ಆಫೀಸಿನ ಮೀಟಿಂಗ್ ಶುರುವಾಗೋ ಹೊತ್ತಿಗೆ, ಶಿರಸಿ ಕಡೆಯ ನಮ್ಮನೆಯಿಂದ ಆಯಿಯ ಫೋನು. ನಾನು ಹಲೋ ಅನ್ನೋದರೊಳಗೆ "ತಮಾ, ಮೋಡ ಬಂಜು, ಅಡಿಕೆ ಪೂರಾ ಅಂಗಳದಲ್ಲೇ ಇದ್ದು, ಆಮೇಲೆ ಮಾಡ್ತಿ" ಅಂತ ಹೇಳಿ ಇಟ್ಟೇಬಿಟ್ಟಳು. ಮಲೆನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವರ್ಷಪೂರ್ತಿ ನೀರು, ಗೊಬ್ಬರ, ಔಷಧಿ ಹೊಡೆಸಿದ್ದು ಎಲ್ಲ ಒಂದು ತೂಕ. ಕೊಯ್ಲಾದ ಮೇಲೆ ಅಂಗಳದಲ್ಲಿ ಒಣಗೋ ಆ ನಲವತ್ತು ದಿನ ಇನ್ನೊಂದು ತೂಕ. ಒಂದು ಮಳೆ ಬಿದ್ದರೆ ಚಾಲಿ ಕಪ್ಪಾಗುತ್ತೆ, ಮಂಡಿಯಲ್ಲಿ ರೇಟು ಇಳಿಯುತ್ತೆ. ಬ್ಯಾಡಗಿ ಮೆಣಸಿನಕಾಯಿಯವರನ್ನು ಕೇಳಿ, ಹುಣಸೂರು-ಪಿರಿಯಾಪಟ್ಟಣದ ಹೊಗೆಸೊಪ್ಪಿನವರನ್ನು ಕೇಳಿ, ಇದೇ ಮಾತು ಹೇಳ್ತಾರೆ. ಬೆಳೆ ಹೊಲದಲ್ಲಿ ಬೆಳೆಯುತ್ತೆ, ನಿಜ. ಆದರೆ ಪೇಟೆಗೆ ಹೋಗೋ ಮಾಲು ಹುಟ್ಟೋದು ಒಣಗಿಸೋ ಜಾಗದಲ್ಲಿ.

ಈ ಮಾತು ಗಾಂಜಾಕ್ಕೆ ಅನ್ವಯಿಸಿದಷ್ಟು ಬಹುಶಃ ಬೇರೆ ಯಾವ ಬೆಳೆಗೂ ಅನ್ವಯಿಸಲ್ಲ. ಒಂದು ಕಾಲದಲ್ಲಿ ನಮ್ಮ ದೇಶದಲ್ಲಿ ಸರ್ಕಾರದ ಲೈಸೆನ್ಸ್ ಪಡೆದು, ಸರ್ಕಾರದ ಕಾವಲಿನಲ್ಲಿ, ಬಯಲಲ್ಲಿ ಗಾಂಜಾ ಒಣಗಿಸ್ತಿದ್ದರು. ಆ ಕಣದ ಕಥೆಯೇ ಇವತ್ತಿನ ವಿಷಯ. ಮೊದಲೇ ಹೇಳಿಬಿಡ್ತೀನಿ, ಇದು ಮನೆಯಲ್ಲಿ ಬೆಳೆಯೋದು ಹೇಗೆ ಅನ್ನೋ ವಿಡಿಯೋ ಅಲ್ಲ. ನಮ್ಮಲ್ಲಿ ಹಿತ್ತಲಲ್ಲಿ ಒಂದು ಗಿಡ ಬೆಳೆಸಿದರೂ ಅಪರಾಧವೇ. ಕಥೆ ಕೊನೆಗೆ ಆ ಕಾನೂನಿಗೇ ಬಂದು ಮುಟ್ಟುತ್ತೆ, ಅದಕ್ಕೇ ಇದನ್ನು ಆರಿಸಿಕೊಂಡಿದ್ದು.

ರಾಜಶಾಹಿಯ ಗಾಂಜಾ ಮಹಲ್

ಈಗಿನ ಬಾಂಗ್ಲಾದೇಶದ ವಾಯವ್ಯದಲ್ಲಿ ನೌಗಾಂವ್ ಅಂತ ಒಂದು ಜಿಲ್ಲೆ ಇದೆ. ಬ್ರಿಟಿಷರ ಕಾಲದಲ್ಲಿ ಅದು ರಾಜಶಾಹಿ ಜಿಲ್ಲೆಯ ಒಂದು ಭಾಗ. ಬಂಗಾಳ ಪ್ರಾಂತ್ಯಕ್ಕೆಲ್ಲ ಬೇಕಾದ ಗಾಂಜಾ ಬೆಳೆಯೋಕೆ ಆ ಸುತ್ತಿನ ಒಂದಿಷ್ಟು ಹಳ್ಳಿಗಳಿಗೆ ಮಾತ್ರ ಅನುಮತಿ. ಆ ಪ್ರದೇಶಕ್ಕೆ ಸರ್ಕಾರಿ ಕಡತಗಳಲ್ಲಿ 'ಗಾಂಜಾ ಮಹಲ್' ಅಂತಲೇ ಹೆಸರು. ಬೆಳೆಗಾರರಲ್ಲಿ ಹೆಚ್ಚಿನವರು ಮುಸಲ್ಮಾನ ರೈತರು. ಭತ್ತ ಬೆಳೆಯೋ ತಗ್ಗಿನ ಗದ್ದೆ ಇದಕ್ಕೆ ಆಗಲ್ಲ, ನೀರು ನಿಲ್ಲದ ಎತ್ತರದ ಹೊಲ ಬೇಕು. ಮಳೆಗಾಲದಲ್ಲಿ ಸಸಿ ಮಡಿ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ಹೊಲಕ್ಕೆ ನೆಟ್ಟು, ಫೆಬ್ರವರಿ ಸುಮಾರಿಗೆ ಕಟಾವು.

ಈ ನಡುವೆ ಒಬ್ಬ ವಿಶೇಷ ಮನುಷ್ಯ ಬರ್ತಾನೆ. ಗಾಂಜಾ ಗಿಡದಲ್ಲಿ ಗಂಡು-ಹೆಣ್ಣು ಬೇರೆ ಬೇರೆ. ಗಂಡು ಹೂವಿನ ಪರಾಗ ಬಿದ್ದರೆ ಹೆಣ್ಣು ಹೂವು ಬೀಜ ಕಟ್ಟುತ್ತೆ. ಬೀಜ ಕಟ್ಟಿದರೆ ಅಂಟು ಕಡಿಮೆ, ಮಾಲು ಕೆಟ್ಟಂತೆ. ಹಾಗಾಗಿ ಹೂ ಬಿರಿಯೋ ಮೊದಲೇ ಗಂಡು ಗಿಡಗಳನ್ನು ಗುರುತಿಸಿ ಕೀಳಬೇಕು. ಹೊಲದ ಸಾಲುಗಳಲ್ಲಿ ನಡೆಯುತ್ತಾ, ಸಣ್ಣ ಮೊಗ್ಗು ನೋಡಿಯೇ 'ಇದು ಗಂಡು' ಅಂತ ಹೇಳೋ ನುರಿತವನೊಬ್ಬನನ್ನು ಕರೆಸ್ತಿದ್ದರು. ಅವನಿಗೆ ಪೊದ್ದಾರ್ ಅಂತ ಹೆಸರು. ಇಂಗ್ಲಿಷ್ ಅಧಿಕಾರಿಗಳು ಅವನನ್ನು ಗಾಂಜಾ ಡಾಕ್ಟರ್ ಅಂತಲೇ ಬರೆದರು! ಪೊದ್ದಾರ್ ಅಂದರೆ ಮೂಲದಲ್ಲಿ ನಾಣ್ಯ ಪರೀಕ್ಷೆ ಮಾಡೋನು, ಖೋಟಾ ಯಾವುದು ಸಾಚಾ ಯಾವುದು ಅಂತ ಹೇಳೋನು. ನಮ್ಮ ಬೆಳಗಾವಿ-ಧಾರವಾಡ ಕಡೆ ಪೋತದಾರ ಅನ್ನೋ ಅಡ್ಡಹೆಸರು ಇದೆಯಲ್ಲ, ಅದೂ ಇದೇ ಬಳಗದ ಪದ. ಒಂದು ಗಂಡು ಗಿಡ ಅವನ ಕಣ್ಣು ತಪ್ಪಿಸಿಕೊಂಡರೆ ಸುತ್ತಲಿನ ಹತ್ತಾರು ಗಿಡ ಹಾಳು, ಪಕ್ಕದವನ ಹೊಲಕ್ಕೂ ಪೆಟ್ಟು.

ಇಷ್ಟೆಲ್ಲ ಆಗಿ, ಫೆಬ್ರವರಿಯಲ್ಲಿ ಹೆಣ್ಣು ಗಿಡಗಳ ತುದಿಯಲ್ಲಿ ಹೂಗೊಂಚಲು ಜಡೆ ಕಟ್ಟಿದ ಹಾಗೆ ಗಟ್ಟಿಯಾಗ್ತಿತ್ತು. ಅದಕ್ಕೆ ಅಲ್ಲಿನವರು 'ಜಟಾ' ಅಂತಲೇ ಕರೀತಿದ್ದರು. ಶಿವನ ಜಟೆ ನೆನಪಾಯ್ತಾ? ಅದೇ.

ಕಣದಲ್ಲಿ ಏನು ನಡೀತಿತ್ತು

ಕಟಾವಿನ ಹೊತ್ತಿಗೆ ಹೊಲದ ನಡುವೆಯೇ ಒಂದು ಜಾಗ ಆರಿಸಿ, ಅದನ್ನು ಒಣಗಿಸೋ ಕಣ ಮಾಡ್ತಿದ್ದರು. ಚಾತರ್ ಅಂತ ಅದರ ಹೆಸರು. ಸರ್ಕಾರಿ ಕಾವಲಿನವರ ಕಣ್ಣೆಲ್ಲ ಅಲ್ಲಿಯೇ, ಯಾಕಂದರೆ ಹೊಲದಲ್ಲಿ ನಿಂತ ಗಿಡವನ್ನು ಯಾರೂ ಚೀಲಕ್ಕೆ ತುಂಬಿಕೊಂಡು ಓಡಲ್ಲ. ಕದಿಯೋ ಹಂಗೆ ಆಗೋದು ಅದು ಒಣಗಿದ ಮೇಲೆ.

ಬೆಳಿಗ್ಗೆ ಗಿಡ ಕಡಿದು ತಂದು ಹುಲ್ಲಿನ ಮೇಲೆ ಬಿಸಿಲಿಗೆ ಹರವೋದು. ಮಧ್ಯಾಹ್ನದ ಹೊತ್ತಿಗೆ ಬಾಡಿದ ಮೇಲೆ ಜಟೆ ಇಲ್ಲದ ರೆಂಬೆಗಳನ್ನು ತೆಗೆದು ಬಿಸಾಡಿ, ಉಳಿದದ್ದನ್ನು ಒಂದೇ ಅಳತೆಗೆ ಕತ್ತರಿಸೋದು. ರಾತ್ರಿ ಅದನ್ನು ಒಳಗೆ ಎತ್ತಿಡಲ್ಲ, ಇಬ್ಬನಿಗೆ ಬಿಡ್ತಾರೆ! ಅಡಿಕೆಯವರಿಗೆ ಇದು ಕೇಳಿದರೇ ಎದೆ ಧಸಕ್ ಅನ್ನುತ್ತೆ. ಆದರೆ ಅವರ ಲೆಕ್ಕ ಬೇರೆ. ಪೂರ್ತಿ ಬಿಸಿಲಿಗೇ ಒಣಗಿದರೆ ಹೂಗೊಂಚಲು ಪುಡಿಪುಡಿಯಾಗುತ್ತೆ. ಇಬ್ಬನಿಯಲ್ಲಿ ಅದು ಸ್ವಲ್ಪ ಮೆತ್ತಗಾಗಿ, ಅಂಟು ಅಂಟಾಗಿ ಉಳಿಯುತ್ತೆ. ಬಿಸಿಲು ಎಷ್ಟು, ಇಬ್ಬನಿ ಎಷ್ಟು ಅನ್ನೋ ಆ ಹದ ಪುಸ್ತಕದಲ್ಲಿ ಸಿಗೋದಲ್ಲ, ಕೈಗೆ ಗೊತ್ತಾಗಬೇಕು. ಕೆಂಪಡಿಕೆ ಮಾಡೋರು ಚೊಗರಿನ ಹದ ಬಣ್ಣ ನೋಡಿಯೇ ಹೇಳ್ತಾರಲ್ಲ, ಆ ಥರ.

ಮಾರನೇ ದಿನ ಕಾಲಿನ ಕೆಲಸ. ಚಾಪೆ ಹಾಸಿ, ಅದರ ಮೇಲೆ ಕೊಂಬೆಗಳನ್ನು ಗುಂಡಗೆ ಜೋಡಿಸೋದು, ಹೂವಿನ ತುದಿಗಳೆಲ್ಲ ಒಳಮುಖವಾಗಿ. ಆಳುಗಳು ಒಬ್ಬರನ್ನೊಬ್ಬರು ಹಿಡಿದುಕೊಂಡು, ಆ ಚಕ್ರದ ಮೇಲೆ ಸುತ್ತುತ್ತಾ ತುಳೀತಾರೆ. ಒಂದು ಪದರ ತುಳಿದ ಮೇಲೆ ಇನ್ನೊಂದು ಪದರ. ಆಮೇಲೆ ರಾಶಿಯ ಮೇಲೆ ಭಾರ ಹೇರಿ ಬಿಡೋದು. ಮತ್ತೆ ತೆಗೆದು, ಕಟ್ಟುಗಳನ್ನು ಒಂದಕ್ಕೊಂದು ಬಡಿದು, ಸೊಪ್ಪು-ಬೀಜ ಉದುರಿಸಿ, ಮತ್ತೆ ಬಿಸಿಲಿಗೆ. ಹೀಗೆ ತುಳಿದು-ಒಣಗಿಸಿ, ತುಳಿದು-ಒಣಗಿಸಿ ಎರಡು-ಮೂರು ದಿನದಲ್ಲಿ ಹೂಗೊಂಚಲು ಚಪ್ಪಟೆಯಾಗಿ ಅಂಟಿಕೊಂಡ ಮಾಲು ತಯಾರು. ಇದು 'ಚಪ್ಟಾ' ಗಾಂಜಾ.

ಇನ್ನೊಂದು ಬಗೆ 'ಗೋಲ್', ಅಂದರೆ ದುಂಡನೆಯದು. ಅದಕ್ಕೆ ಸೊಂಟದೆತ್ತರಕ್ಕೆ ಅಡ್ಡ ಬಿದಿರು ಕಟ್ಟಿ, ಆಳುಗಳು ಆ ಬಿದಿರು ಹಿಡಿದು ಸಾಲಾಗಿ ನಿಂತು, ಒಂದೊಂದೇ ಹಿಡಿ ಕೊಂಬೆಗಳನ್ನು ಅಂಗಾಲಿನ ಕೆಳಗೆ ಹಾಕಿ ಹೊರಳಿಸೋದು. ಬತ್ತಿ ಹೊಸೆದಂತೆ, ಆದರೆ ಕಾಲಲ್ಲಿ. ಶ್ರಮ ಹೆಚ್ಚು, ಸೊಪ್ಪು-ಕಡ್ಡಿ ಹೆಚ್ಚು ಉದುರುತ್ತೆ, ಮಾಲು ಇನ್ನಷ್ಟು ಶುದ್ಧ. ಈ ಎರಡೂ ಕೆಲಸದಲ್ಲಿ ಮುರಿದು ಉದುರಿದ ಹೂವಿನ ಚೂರುಗಳನ್ನು ಒಟ್ಟು ಮಾಡಿದರೆ ಅದು ಮೂರನೇ ಬಗೆ, 'ಚೂರ್'. ನಮ್ಮ ಕನ್ನಡದ ಚೂರು ನೆನಪಾದರೆ ತಪ್ಪಿಲ್ಲ, ಅರ್ಥ ಅದೇ.

ಇಷ್ಟು ವಿವರವಾಗಿ ಯಾಕೆ ಹೇಳ್ತಿದೀನಿ ಅಂದರೆ, ಸರ್ಕಾರದ ತೆರಿಗೆ ಕೂತಿದ್ದೇ ಈ ಮೂರು ಹೆಸರುಗಳ ಮೇಲೆ. ತೆರಿಗೆ ಸೇರಿನ ಲೆಕ್ಕದಲ್ಲಿ. ಚಪ್ಟಾದಲ್ಲಿ ಕಡ್ಡಿ ಜಾಸ್ತಿ, ಹಾಗಾಗಿ ಅದಕ್ಕೆ ಕಡಿಮೆ ದರ. ಗೋಲ್‌ಗೆ ಅದಕ್ಕಿಂತ ಹೆಚ್ಚು. ಚೂರ್‌ನಲ್ಲಿ ಕಡ್ಡಿಯೇ ಇಲ್ಲ, ಅದಕ್ಕೆ ಎಲ್ಲಕ್ಕಿಂತ ಹೆಚ್ಚು. ಅಂದರೆ ನೌಗಾಂವ್‌ನ ಯಾವುದೋ ಹೊಲದಲ್ಲಿ ಒಬ್ಬ ಆಳು ಅಂಗಾಲನ್ನು ಹೇಗೆ ಆಡಿಸಿದ ಅನ್ನೋದು ಕಲ್ಕತ್ತೆಯ ಅಬಕಾರಿ ಖಾತೆಯ ಕೋಷ್ಟಕದಲ್ಲಿ ಒಂದು ಕಾಲಂ ಆಗ್ತಿತ್ತು. ಜಿಎಸ್‌ಟಿಯಲ್ಲಿ ಬಿಡಿ ಅಕ್ಕಿಗೆ ಒಂದು, ಪ್ಯಾಕೆಟ್ ಅಕ್ಕಿಗೆ ಒಂದು ಅಂತ ಜಗಳ ಆಡ್ತೀವಲ್ಲ ನಾವು, ಅದೇನೂ ಹೊಸದಲ್ಲ ಅಂತ ಆಯ್ತು.

ಈ ವಿವರಗಳೆಲ್ಲ ನಮಗೆ ಸಿಗೋದು ಮುಖ್ಯವಾಗಿ ಮೂರು ಕಡೆಯಿಂದ. ಮೊದಲನೆಯದು ಹೇಮ ಚಂದ್ರ ಕೆರ್ ಅನ್ನೋ ಬಂಗಾಳಿ ಡೆಪ್ಯುಟಿ ಕಲೆಕ್ಟರ್ 1877ರಲ್ಲಿ ಬರೆದ ವರದಿ. ಇನ್ನೊಂದು ಕಲ್ಕತ್ತೆಯ ಸಸ್ಯೋದ್ಯಾನದಲ್ಲಿದ್ದ ಡೇವಿಡ್ ಪ್ರೇನ್ ಅವರ 1893ರ ವರದಿ. ಈ ಪ್ರೇನ್ ಮುಂದೆ ಲಂಡನ್ನಿನ ಕ್ಯೂ ಗಾರ್ಡನ್ಸ್‌ನ ಮುಖ್ಯಸ್ಥರಾದರು. ಮೂರನೆಯದು ದೊಡ್ಡದು.

ಏಳು ಸಂಪುಟಗಳ ಆಯೋಗ

1893ರಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಡಬ್ಲ್ಯು. ಎಸ್. ಕೇನ್ ಅನ್ನೋ ಸದಸ್ಯರು ಪ್ರಶ್ನೆ ಎತ್ತಿದರು. ಇವರು ಪಾನನಿಷೇಧ ಚಳವಳಿಯವರು. ಭಾರತದಲ್ಲಿ ಸರ್ಕಾರವೇ ಗಾಂಜಾ ಬೆಳೆಸಿ ದುಡ್ಡು ಮಾಡ್ತಿದೆ, ಜನ ಹುಚ್ಚರಾಗ್ತಿದಾರೆ, ತನಿಖೆ ಆಗಲಿ ಅಂತ ಅವರ ಒತ್ತಾಯ. ಆ ವರ್ಷವೇ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ರಚನೆ ಆಯ್ತು. ಅಧ್ಯಕ್ಷರು ಮ್ಯಾಕ್‌ವರ್ತ್ ಯಂಗ್. ಏಳು ಸದಸ್ಯರಲ್ಲಿ ಮೂವರು ಭಾರತೀಯರು. 1894ರ ಆಗಸ್ಟ್‌ನಲ್ಲಿ ವರದಿ ಮುಗಿಯಿತು: ಏಳು ಸಂಪುಟ, 1,193 ಸಾಕ್ಷಿಗಳು. ನಮ್ಮ ಕನ್ನಡ ನಾಡೂ ಅದರ ವ್ಯಾಪ್ತಿಯಲ್ಲಿತ್ತು. ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬಾಂಬೆ ಪ್ರಾಂತ್ಯದ ಲೆಕ್ಕದಲ್ಲಿ. ಕೊಡಗು ತನ್ನದೇ ಲೆಕ್ಕದಲ್ಲಿ.

ಆಯೋಗ ಹೇಳಿದ್ದು ಇಷ್ಟು: ಮಿತವಾಗಿ ಬಳಸೋರಿಗೆ ಹೇಳಿಕೊಳ್ಳುವ ಹಾನಿ ಕಾಣಲ್ಲ, ಅತಿಯಾದರೆ ಹಾನಿ ಉಂಟು, ಪೂರ್ತಿ ನಿಷೇಧ ಬೇಕಿಲ್ಲ, ನಿಯಂತ್ರಣ ಮತ್ತು ತೆರಿಗೆ ಸಾಕು. ಹುಚ್ಚಾಸ್ಪತ್ರೆಗಳ ದಾಖಲೆಗಳನ್ನು ಕೆದಕಿ ನೋಡಿದಾಗ, ರೋಗದ ಕಾರಣ ಗೊತ್ತಿಲ್ಲದ ಕಡೆಯೆಲ್ಲ ಪೊಲೀಸರೋ ಗುಮಾಸ್ತರೋ 'ಗಾಂಜಾ' ಅಂತ ಬರೆದುಬಿಟ್ಟಿದ್ದು ಎಷ್ಟೋ ಕಡೆ ಕಂಡುಬಂತು. ಇವತ್ತು ಗಾಂಜಾ ಪರ ಮಾತಾಡೋರೆಲ್ಲ ಈ ವರದಿಯನ್ನು ತಲೆ ಮೇಲೆ ಹೊತ್ತು ಕುಣೀತಾರೆ. ಅವರು ಸಾಮಾನ್ಯವಾಗಿ ಹೇಳದೇ ಬಿಡೋ ಒಂದು ವಿಷಯ ಇದೆ. ಮೂವರು ಭಾರತೀಯ ಸದಸ್ಯರಲ್ಲಿ ಇಬ್ಬರು, ತಾಹಿರಪುರದ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಮುಜಫರ್‌ನಗರದ ಲಾಲಾ ನಿಹಾಲ್ ಚಂದ್, ಒಪ್ಪದೆ ಭಿನ್ನಮತದ ಟಿಪ್ಪಣಿ ಬರೆದರು. ತಾಹಿರಪುರ ಇರೋದು ಅದೇ ರಾಜಶಾಹಿ ಜಿಲ್ಲೆಯಲ್ಲಿ! ಗಾಂಜಾ ಮಹಲ್‌ನ ಹತ್ತಿರದ ಜಮೀನುದಾರ ಒಪ್ಪಲಿಲ್ಲ ಅನ್ನೋದನ್ನು ನಾನಂತೂ ಹಗುರವಾಗಿ ತಗೊಳ್ಳಲ್ಲ.

ಇನ್ನು ನಾವು ಓಡಾಡೋ ಊರುಗಳ ಕಡೆ ಬರೋಣ. ಬಾಂಬೆ ಪ್ರಾಂತ್ಯದ ಗಾಂಜಾ ಮುಖ್ಯವಾಗಿ ಬರ್ತಿದ್ದುದು ಅಹ್ಮದ್‌ನಗರದ ಕಡೆಯಿಂದ, ಅಂದರೆ ಪುಣೆಯವರು ವೀಕೆಂಡ್‌ನಲ್ಲಿ ಶಿರಡಿಗೆ, ಶನಿ ಶಿಂಗಣಾಪುರಕ್ಕೆ ಹೋಗೋ ಸೀಮೆ. ಮಧ್ಯಪ್ರಾಂತ್ಯಕ್ಕೆ ಖಂಡ್ವಾ, ಮುಂಬೈಯಿಂದ ದೆಹಲಿ, ಕಾನ್ಪುರ ಕಡೆ ಹೋಗೋ ಎಷ್ಟೋ ರೈಲು ಆ ಸ್ಟೇಷನ್ನಿನಲ್ಲಿ ನಿಲ್ಲುತ್ತೆ. ಮದ್ರಾಸ್ ಪ್ರಾಂತ್ಯಕ್ಕೆ ಎರಡು ಮೂಲ: ಒಂದು ಆಂಧ್ರದ ಬಾಪಟ್ಲ ಕಡೆಯ ದಗ್ಗುಬಾಡು, ಸಂತರಾವೂರು ಅನ್ನೋ ಹಳ್ಳಿಗಳು, ಇನ್ನೊಂದು ಉತ್ತರ ಆರ್ಕಾಟಿನ ಜವಾದಿ ಬೆಟ್ಟ. ಚೆನ್ನೈ-ಬೆಂಗಳೂರು ರೈಲಿನಲ್ಲಿ ವಾಣಿಯಂಬಾಡಿ ದಾಟುವಾಗ ಕಿಟಕಿಯಲ್ಲಿ ಬೆಟ್ಟದ ಸಾಲು ಕಾಣುತ್ತಲ್ಲ, ಅದು. ದಖ್ಖನಿನಲ್ಲಿ ಗಂಡು ಗಿಡ ಕೀಳೋದರಲ್ಲಿ ನೌಗಾಂವ್‌ನ ಕಟ್ಟುನಿಟ್ಟು ಇರಲಿಲ್ಲ, ಹಾಗಾಗಿ ಮಾಲಿನಲ್ಲಿ ಬೀಜ ಜಾಸ್ತಿ. ಒಣಗಿಸೋದು ಇಲ್ಲೂ ಕಣದಲ್ಲೇ, ತುಳಿಯೋದು ಇಲ್ಲೂ ಕಾಲಲ್ಲೇ. ಜೋಳದ ಕಣ ಇರೋ ನಾಡಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ.

ಗೋದಾಮಿನಲ್ಲಿ ಸತ್ತ ಸತ್ವ

ಒಣಗಿಸಿದ್ದಾಯ್ತು, ಗೋದಾಮಿಗೆ ಹಾಕಿ ಬೀಗ ಜಡಿದು ಮುದ್ರೆ ಒತ್ತಿದ್ದಾಯ್ತು. ಮುಂದೆ? ನನಗೆ ಈ ಕಥೆಯಲ್ಲಿ ತುಂಬಾ ಹಿಡಿಸಿದ್ದು ಈ ಭಾಗ.

ಪ್ರೇನ್ ಗಮನಿಸಿದ ಸಂಗತಿಗಳಲ್ಲಿ ಒಂದು, ಇಟ್ಟಷ್ಟೂ ಗಾಂಜಾದ ಸತ್ವ ಇಳಿಯುತ್ತಾ ಹೋಗುತ್ತೆ ಅನ್ನೋದು. ವರ್ಷ ಕಳೆದಂತೆ ಅದು ಬರೀ ಒಣಹುಲ್ಲು. ತೀರಾ ಹಳೆಯದಾದ ದಾಸ್ತಾನನ್ನು ಅಬಕಾರಿಯವರ ಎದುರಿಗೇ ಸುಡ್ತಿದ್ದರು. ಇದರ ರಸಾಯನಶಾಸ್ತ್ರ ಆಗ ಯಾರಿಗೂ ಗೊತ್ತಿರಲಿಲ್ಲ. 1896ರಲ್ಲಿ ಕೇಂಬ್ರಿಡ್ಜಿನಲ್ಲಿ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಅನ್ನೋ ಮೂವರು ಚರಸ್‌ನಿಂದ ಒಂದು ಅಂಶ ಬೇರ್ಪಡಿಸಿ ಅದಕ್ಕೆ ಕ್ಯಾನಬಿನಾಲ್ ಅಂತ ಹೆಸರಿಟ್ಟರು, ನಶೆಯ ಮೂಲ ಸಿಕ್ಕಿತು ಅಂದುಕೊಂಡರು. ಅವರ ದುರದೃಷ್ಟ ನೋಡಿ: ಕ್ಯಾನಬಿನಾಲ್ ಅನ್ನೋದು ಗಿಡದಲ್ಲಿ ಹೆಚ್ಚುಕಡಿಮೆ ಇರೋದೇ ಇಲ್ಲ. ನಿಜವಾದ ಮೂಲವಸ್ತು ಟಿಎಚ್‌ಸಿ. ಅದು ಗಾಳಿ, ಬೆಳಕು, ಬಿಸಿಗೆ ಸಿಕ್ಕಿ ಹಳೆಯದಾಗಿ ಕೆಟ್ಟಾಗ ಆಗೋದು ಕ್ಯಾನಬಿನಾಲ್. ಟಿಎಚ್‌ಸಿಯನ್ನು ಬೇರ್ಪಡಿಸಿ ಅದರ ರಚನೆ ಹೇಳಿದ್ದು 1964ರಲ್ಲಿ, ಇಸ್ರೇಲಿನ ಗಾವೊನಿ ಮತ್ತು ಮೆಕೂಲಂ. ಅಂದರೆ ಕೇಂಬ್ರಿಡ್ಜಿನವರ ಕೈಗೆ ಸಿಕ್ಕಿದ್ದು ಬಹುಪಾಲು ಹಳತಾದ ಮಾಲಿನ ಗುರುತು.

ಇದು ಬರೀ ಲ್ಯಾಬಿನ ತಮಾಷೆ ಅಲ್ಲ. ಕಲ್ಕತ್ತೆಯ ಮೆಡಿಕಲ್ ಕಾಲೇಜಿನಲ್ಲಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓ'ಶಾಗ್ನೆಸಿ 1839ರಲ್ಲಿ ಗಾಂಜಾದ ಔಷಧಿ ಬಳಕೆಯ ಬಗ್ಗೆ ಪ್ರಬಂಧ ಬರೆದು, ಪಶ್ಚಿಮದ ವೈದ್ಯರಿಗೆ ಇದನ್ನು ಪರಿಚಯ ಮಾಡಿಸಿದ. ಧನುರ್ವಾಯು, ಸಂಧಿವಾತ, ಮಗುವಿನ ಸೆಳವು, ಹೀಗೆ ಹಲವು ರೋಗಗಳ ಮೇಲೆ ಪ್ರಯೋಗ ಮಾಡಿದ. ಆಮೇಲೆ ಲಂಡನ್ನಿನ ಔಷಧಿ ಅಂಗಡಿಗಳಲ್ಲಿ ಗಾಂಜಾ ಟಿಂಚರ್ ಬಂತು. ಆದರೆ ಸಮಸ್ಯೆ ಏನಾಯ್ತು? ಒಂದು ಸೀಸೆಯ ಹತ್ತು ತೊಟ್ಟು ಕುಡಿದವನಿಗೆ ತಲೆ ಗಿರ್ ಅಂದರೆ, ಇನ್ನೊಂದು ಸೀಸೆಯ ಹತ್ತು ತೊಟ್ಟು ಕುಡಿದವನಿಗೆ ಏನೂ ಇಲ್ಲ. ಮಾಲು ಯಾವ ವರ್ಷದ್ದು, ಹೇಗೆ ಒಣಗಿದ್ದು, ಹಡಗಿನಲ್ಲಿ ಎಷ್ಟು ತಿಂಗಳು ಬಿದ್ದಿತ್ತು ಅಂತ ವೈದ್ಯನಿಗೆ ಗೊತ್ತಾಗೋ ದಾರಿ ಇಲ್ಲ. ಅಳತೆ ಸಿಗದ ಔಷಧಿಯನ್ನು ಯಾವ ವೈದ್ಯ ಧೈರ್ಯವಾಗಿ ಬರೆದುಕೊಟ್ಟಾನು? ಅಷ್ಟರಲ್ಲಿ ಆಸ್ಪಿರಿನ್ ಬಂತು, ಇಂಜೆಕ್ಷನ್ ಸೂಜಿ ಬಂತು. 1932ರಲ್ಲಿ ಬ್ರಿಟಿಷ್ ಔಷಧ ಸಂಹಿತೆಯಿಂದ ಗಾಂಜಾ ಹೊರಬಿತ್ತು. ಗಾಂಜಾ ಔಷಧಿಯಾಗಿ ಸೋತದ್ದಕ್ಕೆ ನೀತಿ, ರಾಜಕೀಯ ಅಂತ ಎಷ್ಟೋ ಕಾರಣ ಹೇಳ್ತಾರೆ. ಕಣ ಮತ್ತು ಗೋದಾಮಿನ ಈ ಕಾರಣಕ್ಕೆ ಅವುಗಳ ಪಕ್ಕದಲ್ಲೇ ಜಾಗ ಕೊಡಬೇಕು ಅಂತ ನನ್ನ ಅನಿಸಿಕೆ.

ನೌಗಾಂವ್‌ನಲ್ಲಿ 1917ರಲ್ಲಿ ಗಾಂಜಾ ಬೆಳೆಗಾರರ ಸಹಕಾರಿ ಸಂಘ ಆಯ್ತು. ಅಲ್ಲಿಯವರೆಗೆ ದಲ್ಲಾಳಿಗಳ ಕೈಯಲ್ಲಿದ್ದ ವ್ಯಾಪಾರ ಬೆಳೆಗಾರರ ಕೈಗೆ ಬಂತು. ಸಂಘದ ಲಾಭದಲ್ಲಿ ಶಾಲೆ, ದವಾಖಾನೆಗಳೂ ನಡೆದವು. ನಮ್ಮ ಶಿರಸಿಯ ಅಡಿಕೆ ಸೊಸೈಟಿಗಳನ್ನು ಬಲ್ಲವರಿಗೆ ಇದು ಎಲ್ಲೋ ಕೇಳಿದ ಕಥೆ ಅನಿಸಬಹುದು. 1947ರಲ್ಲಿ ನೌಗಾಂವ್ ಪೂರ್ವ ಪಾಕಿಸ್ತಾನಕ್ಕೆ ಹೋಯ್ತು. ಬಾಂಗ್ಲಾದೇಶ ಆದ ಮೇಲೂ ಒಂದಷ್ಟು ವರ್ಷ ಬೆಳೆ ಇತ್ತು; 1980ರ ದಶಕದ ಕೊನೆಗೆ ನಿಂತಿತು.

ಹಸಿ ತೂಕ, ಒಣ ತೂಕ

ಈಗ ಕಾನೂನಿಗೆ ಬರೋಣ. 1961ರಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಒಪ್ಪಂದ ಆಯ್ತು. ನಮ್ಮ ಎನ್‌ಡಿಪಿಎಸ್ ಕಾಯ್ದೆ 1985ರದ್ದು. ಆ ಕಾಯ್ದೆ ಪ್ರಕಾರ ಗಾಂಜಾ ಅಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿಗಳು. ಆ ತುದಿ ಜೊತೆಗಿಲ್ಲದಿದ್ದರೆ ಬರೀ ಎಲೆ, ಬರೀ ಬೀಜ ಗಾಂಜಾ ಅಲ್ಲ. ಬನಾರಸ್‌ನಲ್ಲಿ ಸರ್ಕಾರಿ ಲೈಸೆನ್ಸಿನ ಭಾಂಗ್ ಅಂಗಡಿ ನೋಡಿ ದೆಹಲಿಯ ನಮ್ಮ ಗೆಳೆಯರು ಬೆರಗಾಗ್ತಾರಲ್ಲ, ಅದು ನಡೆಯೋದು ಈ ಒಂದು ಸಾಲಿನಿಂದ. ಈ ಸಾಲು ಓದಿದಾಗೆಲ್ಲ ನನಗೆ ಚಾತರ್ ನೆನಪಾಗುತ್ತೆ. ತುದಿ ಬೇರೆ, ಎಲೆ ಬೇರೆ, ಬೀಜ ಬೇರೆ ಅಂತ ವಿಂಗಡಿಸಿದ್ದು ಮೊದಲು ಆ ಕಣದ ಆಳುಗಳ ಕಾಲು. ವಕೀಲರು ಬರೆದದ್ದು ಆಮೇಲೆ.

ಆದರೆ ಕಾನೂನು ಕಣದಿಂದ ಒಂದು ವಿಷಯ ಕಲಿಯದೇ ಬಿಟ್ಟಿತು. ಅದೇ ತೂಕ. ನಮ್ಮಲ್ಲಿ ಗಾಂಜಾ 1 ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ಮೀರಿದರೆ ವಾಣಿಜ್ಯ ಪ್ರಮಾಣ. ಸಣ್ಣದಕ್ಕೆ ಒಂದು ವರ್ಷದವರೆಗೆ ಶಿಕ್ಷೆ. ವಾಣಿಜ್ಯದ್ದಕ್ಕೆ ಕಡಿಮೆ ಅಂದರೂ 10 ವರ್ಷ, 20ರವರೆಗೂ ಹೋಗಬಹುದು, ಜಾಮೀನು ಸಿಗೋದೂ ಬಲು ಕಷ್ಟ. ಈ ಕಿಲೋ ಹಸಿಯದ್ದೋ ಒಣಗಿದ್ದೋ ಅಂತ ಕೋಷ್ಟಕ ಹೇಳಲ್ಲ. ಹಸಿ ಗಿಡದಲ್ಲಿ ಮುಕ್ಕಾಲು ಪಾಲು ನೀರು. ಮೆಕ್ಕೆಜೋಳದ ನಡುವೆ ನಾಲ್ಕಾರು ಗಾಂಜಾ ಗಿಡ ಬೆಳೆಸಿ ಸಿಕ್ಕಿಬಿದ್ದ ರೈತನ ಗಿಡಗಳನ್ನು ಬೇರು, ಕಾಂಡ, ಎಲೆ ಸಮೇತ ಕಿತ್ತು ತಕ್ಕಡಿಗೆ ಹಾಕಿದರೆ ಕಿಲೋಗಳು ಏರ್ತಾ ಹೋಗ್ತವೆ. ಅದನ್ನೇ ಕಣದಲ್ಲಿ ಒಣಗಿಸಿ, ಎಲೆ-ಕಡ್ಡಿ ಉದುರಿಸಿ ತೂಗಿದರೆ ಅದರ ಸಣ್ಣ ಪಾಲೂ ಉಳಿಯಲ್ಲ. ಬೆಳೆಸಿದ್ದಕ್ಕೆ ಬೇರೆ ಕಲಂ ಇದೆ, ಅದಕ್ಕೆ ತೂಕ ಬೇಕಿಲ್ಲ, 10 ವರ್ಷದವರೆಗೆ ಶಿಕ್ಷೆ ಇದೆ, ಅದು ಬೇರೆ ಮಾತು. ಆದರೆ ಕೇಸಿನಲ್ಲಿ ತೂಕದ ಕಲಮೂ ಸೇರಿಕೊಂಡರೆ ಎಲ್ಲ ನಿಲ್ಲೋದು ತಕ್ಕಡಿಯ ಮೇಲೆ. ಎಲೆ, ಕಾಂಡ ಎಲ್ಲ ಸೇರಿಸಿ ತೂಗಿದ್ದು ಗಾಂಜಾದ ತೂಕ ಹೇಗಾಗುತ್ತೆ ಅನ್ನೋ ವಾದ ದೇಶದ ಬೇರೆ ಬೇರೆ ಹೈಕೋರ್ಟ್‌ಗಳ ಮುಂದೆ ಮತ್ತೆ ಮತ್ತೆ ಬಂದಿದೆ. ಅದೇ ಕಾರಣಕ್ಕೆ ಜಾಮೀನು ಸಿಕ್ಕ ಉದಾಹರಣೆಗಳೂ ಇವೆ. ಆದರೆ ಹೈಕೋರ್ಟ್‌ವರೆಗೆ ಹೋಗೋ ಶಕ್ತಿ ಎಷ್ಟು ಜನ ರೈತರಿಗಿದೆ?

ಕೆನಡಾದ ಕಾನೂನು ನೋಡಿ. 2018ರಲ್ಲಿ ಅಲ್ಲಿ ಗಾಂಜಾ ಕಾನೂನುಬದ್ಧ ಆಯ್ತು. ಮನೆಗೆ ನಾಲ್ಕು ಗಿಡ ಬೆಳೆಸಬಹುದು ಅಂತ ಕೇಂದ್ರದ ಕಾಯ್ದೆ ಹೇಳುತ್ತೆ, ಕೆಲವು ಪ್ರಾಂತ್ಯಗಳು ಅದನ್ನೂ ಒಪ್ಪಲಿಲ್ಲ. ಹೊರಗೆ ಒಯ್ಯಬಹುದಾದ ಮಿತಿ 30 ಗ್ರಾಂ ಒಣ ಗಾಂಜಾ. ಆ ಕಾಯ್ದೆಯ ಕೊನೆಯಲ್ಲಿ ಒಂದು ಪುಟ್ಟ ಪಟ್ಟಿ ಇದೆ, ಅದರಲ್ಲಿ 1 ಗ್ರಾಂ ಒಣಗಿದ್ದಕ್ಕೆ 5 ಗ್ರಾಂ ಹಸಿಯದು ಸಮ ಅಂತ ಬರೆದಿದ್ದಾರೆ. ಕಾನೂನುಬದ್ಧ ಮಾಡಬೇಕೋ ಬೇಡವೋ ಅನ್ನೋದು ದೊಡ್ಡ ಚರ್ಚೆ, ಅದರಲ್ಲಿ ನನಗೇ ಎರಡು ಮನಸ್ಸಿದೆ. ತಾಹಿರಪುರದ ರಾಜರ ಭಿನ್ನಮತ ಓದಿದ ದಿನ ಒಂದು ಕಡೆ ವಾಲ್ತೀನಿ, ಹುಚ್ಚಾಸ್ಪತ್ರೆಯ ದಾಖಲೆ ಓದಿದ ದಿನ ಇನ್ನೊಂದು ಕಡೆ. ಈ ಪಟ್ಟಿಯ ವಿಷಯದಲ್ಲಿ ಮಾತ್ರ ಎರಡು ಮನಸ್ಸಿಲ್ಲ. ನಿಷೇಧ ಇಟ್ಟುಕೊಂಡೇ ಇಂಥ ಒಂದು ಸಾಲನ್ನು ನಾವೂ ಬರೆದುಕೊಳ್ಳಬಹುದು. ನೂರೈವತ್ತು ವರ್ಷದ ಹಿಂದೆ ಕಡ್ಡಿ ಎಷ್ಟು, ಹೂವೆಷ್ಟು ಅಂತ ನೋಡಿ ಮೂರು ದರ ಇಟ್ಟ ಅಬಕಾರಿ ಗುಮಾಸ್ತನಿಗೆ ಅರ್ಥವಾಗಿದ್ದ ಲೆಕ್ಕ ಅದು.

ಅಂದಹಾಗೆ, ಆವತ್ತು ಸಂಜೆ ಆಯಿ ವಾಪಸ್ ಫೋನ್ ಮಾಡಿದಳು. ಮಳೆ ಬರಲಿಲ್ಲವಂತೆ, ಅಡಿಕೆ ಸುಮ್ಮನೆ ಒಳಗೆ ಹೊತ್ತು ಸೊಂಟ ನೋವು ಅಂತ ಬೈಕೊಂಡಳು.

ಮುಂದಿನ ಶನಿವಾರದ ಮಾತು ಇದೇ ಓ'ಶಾಗ್ನೆಸಿಯ ಬಗ್ಗೆ. ಗಾಂಜಾ ಟಿಂಚರ್ ಬಿಟ್ಟ ಮೇಲೆ ಆ ಮನುಷ್ಯ ಭಾರತದ ಉದ್ದಗಲಕ್ಕೆ ಟೆಲಿಗ್ರಾಫ್ ತಂತಿ ಎಳೆಸಿದ, ಅದಕ್ಕೇ ಸರ್ ಪದವಿ ಕೂಡ ಸಿಕ್ಕಿತು. ನೆಟ್‌ವರ್ಕ್ ಕೆಲಸದಲ್ಲಿರೋರು ತಪ್ಪಿಸಬೇಡಿ.